ಮನುಷ್ಯನಿಲ್ಲದ ಕಡಲು: ಎರಡು ಗ್ರಂಥಗಳ ವಿಮರ್ಶೆ

ಕೆಲವು ವರ್ಷಗಳ ಹಿಂದೆ ಭಾಲ್ಕಿಯಲ್ಲಿ ಆದಿಕಾಂಡದ ಮೊದಲನೆಯ ಅಧ್ಯಾಯದ ಮೇಲೆ ಪ್ರಬೋಧನೆ ನೀಡುವಾಗ, ‘ಕ್ಯಾಂಬ್ರಿಯನ್ ಸ್ಫೋಟ’ವನ್ನು ಸೃಷ್ಟಿಕರ್ತನ ನೇರ ಹಸ್ತಕ್ಷೇಪದ ಪುರಾವೆಯೆಂದು ನಾವು ಎತ್ತಿ ಹೇಳಿದ್ದೆವು. ಪ್ರಾಣಿಗಳೆಲ್ಲ ಪೂರ್ವಜರಿಲ್ಲದೆ ಒಮ್ಮೆಲೇ ಕಾಣಿಸಿಕೊಂಡವೆಂಬುದು ನಮ್ಮ ಮಾತಿನ ಸಾರ. ಪೂಜೆ ಮುಗಿದ ಮೇಲೆ ಔರಾದಿನಿಂದ ಬಂದಿದ್ದ ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬನು, “ಫಾದರ್, ಅದಕ್ಕೂ ಮೊದಲ ಎಡಿಯಾಕರಾ ಇತ್ತಲ್ರೀ?” ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ.

ಅವನು ಕೇಳಿದ್ದು ಸರಿಯಾಗಿತ್ತು. ಅತಿ ಕೆಳಗಿನ ಪಳೆಯುಳಿಕೆ ಸ್ತರಗಳಿಗಿಂತ ಹಿಂದೆ ಏನೂ ಸಿಗದಿರುವುದು ತನ್ನ ಸಿದ್ಧಾಂತಕ್ಕೆ ಗಂಭೀರ ಆಕ್ಷೇಪವೆಂದು ಡಾರ್ವಿನ್ನನೇ 1859ರಲ್ಲಿ ಒಪ್ಪಿದ್ದನು. ಆದರೆ 1946ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಎಡಿಯಾಕರಾ ಬೆಟ್ಟಗಳಲ್ಲಿ ರೆಗ್ ಸ್ಪ್ರಿಗ್ ಮೃದುದೇಹಿ ಜೀವಿಗಳ ಅಚ್ಚುಗಳನ್ನು ಕಂಡನು. ಅದೇ ಬಗೆಯ ಜೀವಿಯಾದ ಡಿಕಿನ್ಸೋನಿಯಾದ ಸುಮಾರು 55.8 ಕೋಟಿ ವರ್ಷ ಹಳೆಯ ಅವಶೇಷದಲ್ಲಿ 2018ರಲ್ಲಿ ಕೊಲೆಸ್ಟರಾಲಿನ ಕುರುಹು ದೊರೆತು, ಅದು ಪ್ರಾಣಿಯೆಂಬ ವಾದಕ್ಕೆ ಬಲ ಬಂದಿತು. ಕ್ಯಾಂಬ್ರಿಯನ್ ಯುಗದ ಆರಂಭವಾದರೋ ಸುಮಾರು 53.9 ಕೋಟಿ ವರ್ಷಗಳ ಹಿಂದಿನದು. ನಾವು ದೇವರನ್ನು ಕೂರಿಸಿದ್ದ ಖಾಲಿ ಜಾಗವು ನಮಗೆ ತಿಳಿಯುವ ಮೊದಲೇ ತುಂಬತೊಡಗಿತ್ತು.

ಆ ಮುಜುಗರವೇ ನಮ್ಮನ್ನು ಎರಡು ಗ್ರಂಥಗಳತ್ತ ಕರೆದೊಯ್ದಿತು. ಎರಡೂ ಕೆನಡಾದ ಬರ್ಜೆಸ್ ಶೇಲ್‌ನ, ಸುಮಾರು 50.8 ಕೋಟಿ ವರ್ಷ ಹಳೆಯ ಕಡಲಜೀವಿಗಳನ್ನು ಕುರಿತವು. ಸ್ಟೀಫನ್ ಜೇ ಗೌಲ್ಡ್ 1989ರ ‘ವಂಡರ್‌ಫುಲ್ ಲೈಫ್’ನಲ್ಲಿ, ಜೀವದ ಕಥೆಯನ್ನು ಮತ್ತೆ ಮೊದಲಿನಿಂದ ಓಡಿಸಿದರೆ ಮನುಷ್ಯನು ಬಹುಶಃ ಬರಲಾರನೆಂದನು. ಸೈಮನ್ ಕಾನ್ವೇ ಮಾರಿಸ್ 1998ರ ‘ದ ಕ್ರೂಸಿಬಲ್ ಆಫ್ ಕ್ರಿಯೇಷನ್’ನಲ್ಲಿ ಅದನ್ನು ಖಂಡಿಸಿ, ಬೇರೆ ಬೇರೆ ದಾರಿಗಳಲ್ಲಿ ಬಂದ ಜೀವಗಳೂ ಅವೇ ಪರಿಹಾರಗಳನ್ನು ಮುಟ್ಟುತ್ತವೆಂದು ವಾದಿಸಿದನು. ಎರಡನೆಯವನು ಕ್ರೈಸ್ತ ವಿಶ್ವಾಸಿ. ಗುರುಮಠದ ಓದುಗರು ಅವನ ಕಡೆಗೆ ವಾಲುವುದು ಸಹಜ, ನಾವೂ ವಾಲಿದ್ದೆವು.

ಮರುಓದಿನಲ್ಲಿ ಹಾಗನಿಸಲಿಲ್ಲ. ಕಾನ್ವೇ ಮಾರಿಸನ ವಿದ್ವತ್ತನ್ನು ನಾವು ಪ್ರಶ್ನಿಸುತ್ತಿಲ್ಲ. (1977ರಲ್ಲಿ ಅವನೇ ವಿವರಿಸಿದ ಹಲ್ಯುಸಿಜೀನಿಯಾವನ್ನು ಅವನು ತಲೆಕೆಳಗಾಗಿ ನಿಲ್ಲಿಸಿದ್ದನೆಂದು 1991ರಲ್ಲಿ ಚೀನಾದ ಪಳೆಯುಳಿಕೆಗಳು ತೋರಿಸಿದವು, ಬೆನ್ನಿನ ಮುಳ್ಳುಗಳು ಕಾಲುಗಳಾಗಿದ್ದವು! ಇಂತಹ ತಿದ್ದುಪಡಿಯಿಂದ ವಿಜ್ಞಾನ ಕುಗ್ಗುವುದಿಲ್ಲ.) ನಮ್ಮ ಆಕ್ಷೇಪ ಬೇರೆ. ಮನುಷ್ಯನಂಥ ಜೀವಿ ಬರಲೇಬೇಕಿತ್ತೆಂಬ ಮಾತನ್ನು ದೈವಶಾಸ್ತ್ರಕ್ಕೆ ಆಧಾರಸ್ತಂಭ ಮಾಡಿಕೊಂಡರೆ, ಆ ಕಡಲುಗಳೆಲ್ಲ ನಮ್ಮ ಮನೆಯ ಹೊರಜಗಲಿಯಾಗಿಬಿಡುತ್ತವೆ. ಆದಿಕಾಂಡ 1:21ರಲ್ಲಿ ದೇವರು ಜಲಚರಗಳನ್ನು ನೋಡಿ ಒಳ್ಳೆಯದೆಂದು ಕಂಡಾಗ ಮನುಷ್ಯನಿನ್ನೂ ಇರಲಿಲ್ಲ. ‘ಲೌದಾತೊ ಸಿ’ ವಿಶ್ವಪತ್ರದ 69ನೆಯ ಪರಿಚ್ಛೇದವೂ ಇತರ ಜೀವಿಗಳಿಗೆ ದೇವರ ದೃಷ್ಟಿಯಲ್ಲಿ ತಮ್ಮದೇ ಮೌಲ್ಯವುಂಟೆಂದು ಬೋಧಿಸುತ್ತದೆ. ವಂಶವುಳಿಸದೆ ಅಳಿದ ಐದು ಕಣ್ಣಿನ ಓಪಾಬೀನಿಯಾವನ್ನು ಗೌಲ್ಡ್ ಎಷ್ಟು ಅಕ್ಕರೆಯಿಂದ ಬಣ್ಣಿಸುತ್ತಾನೆ! ಈ ಒಂದು ವಿಷಯದಲ್ಲಿ ಅವಿಶ್ವಾಸಿಯ ಗ್ರಂಥವೇ ಸೃಷ್ಟಿಬೋಧನೆಗೆ ಹತ್ತಿರವಾಗಿದೆ.

ಆದರೆ ಆಕಸ್ಮಿಕವಿದ್ದಲ್ಲಿ ಸಂಕಲ್ಪವಿರದೆಂಬ ಗೌಲ್ಡನ ಧೋರಣೆಯನ್ನು ಒಪ್ಪಲಾಗದು. ದೈವಪಾಲನೆಯು ಆಕಸ್ಮಿಕವನ್ನು ತೊಡೆದುಹಾಕುವುದಿಲ್ಲವೆಂದು ಸಂತ ತೋಮಸ್ ಅಕ್ವಿನಾಸರು ‘ಸುಮ್ಮಾ ಕೊಂತ್ರಾ ಜೆಂತೀಲೆಸ್’ನ ಮೂರನೆಯ ಪುಸ್ತಕದಲ್ಲಿ (ಅಧ್ಯಾಯ 72, 74) ಸ್ಪಷ್ಟಪಡಿಸಿದ್ದಾರೆ. ಗೌಲ್ಡ್ ನಿರಾಕರಿಸಿದ ದೇವರು ತೋಮಸರ ದೇವರಲ್ಲ.

ಬೀದರಿನ ನೆಲದಲ್ಲಿ ಇಂತಹ ಪಳೆಯುಳಿಕೆಗಳನ್ನು ಹುಡುಕಿ ಫಲವಿಲ್ಲ. ಕೋಟೆಯ ಕೆಂಪು ಜಂಬಿಟ್ಟಿಗೆಯ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಆದರೆ ನಮ್ಮ ಸೀಮೆಯ ಮನೆಗಳಿಗೂ ದೇವಾಲಯಗಳಿಗೂ ಹಾಸುವ ಶಹಾಬಾದ್ ಕಲ್ಲು, ಕ್ಯಾಂಬ್ರಿಯನ್ ಪೂರ್ವದ್ದೆಂದು ಗಣಿಸಲಾಗಿರುವ ಕಡಲೊಂದರ ಸುಣ್ಣದ ಕೆಸರು. ಅದರಲ್ಲಿ ಚಿಪ್ಪಿಲ್ಲ, ಮೂಳೆಯಿಲ್ಲ. ಅದೇ ಭೀಮಾ ಶಿಲಾಸಮೂಹದ ಹಲ್ಕಲ್ ಜೇಡಿಗಲ್ಲಿನಲ್ಲಿ ಸಿಕ್ಕಿರುವ ಚುವಾರಿಯಾ, ಪಾಚಿಯ ಜಾತಿಯದೆನ್ನಲಾದ ಪುಟ್ಟ ಇಂಗಾಲದ ಬಿಲ್ಲೆ.

ಪಾಸ್ಖ ಜಾಗರಣೆಯ ಮೊದಲ ವಾಚನ ಆದಿಕಾಂಡದ್ದೇ. ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ಆ ರಾತ್ರಿ ಪ್ರಬೋಧಿಸುವ ಸಹೋದರರು ‘ಸ್ಫೋಟ’ವನ್ನು ಬಿಟ್ಟು, ಜನರು ಕುಳಿತಿರುವ ಆ ಕಲ್ಲಿನಿಂದಲೇ ಆರಂಭಿಸಬಹುದು. ಹಿಂದಿನ ಸಾಲಿನಲ್ಲಿ ಬಿ.ಎಸ್ಸಿ. ಓದಿದವರು ಇದ್ದೇ ಇರುತ್ತಾರೆ.