ಕಥಿ ಬರಿಯೋರಿಗೆ ‘ಒಡಲಾಳ’ ಏನು ಕಲಸ್ತೈತಿ

ನಮ್ಮ ಜತ್ತ ಸೀಮಿಯ ಹುಡುಗರು ಕಥಿ ಬರಿಯಾಕ ಹತ್ತ್ಯಾರ. ಸಂತೋಷದ ಮಾತು. ವಾಚನಾಲಯಕ್ಕೆ ತಂದುಕೊಟ್ಟ ಕೆಲವು ಕಥೆಗಳನ್ನು ನಾನೂ ಓದಿದೆ. ಒಂದರಾಗ ಕಬ್ಬು ಕಡಿಯೋ ಟೋಳಿಯ ಹೆಣ್ಣುಮಗಳು ಗಂಡನಿಗೆ ‘ನೀವು ನನ್ನನ್ನು ಉಪೇಕ್ಷಿಸುತ್ತಿದ್ದೀರಿ’ ಅಂತಾಳ. ಹಿಂಗ ಯಾರ ಮನ್ಯಾಗ ಮಾತಾಡ್ತಾರ? ಹುಡುಗರನ್ನು ಕೇಳಿದರೆ, ನಮ್ಮ ಕನ್ನಡದಾಗ ಮರಾಠಿ ಕೂಡೇತಿ, ಅದನ್ನು ಬರೆದರೆ ಓದಿದವರು ನಗ್ತಾರ ಅಂತಾರ.

ಇಂಥವರು ದೇವನೂರ ಮಹಾದೇವರ ‘ಒಡಲಾಳ’ ಓದಬೇಕು. ಸಣ್ಣ ಪುಸ್ತಕ. ಅದರಾಗ ಸಾಕವ್ವ ಅನ್ನೋ ಮುದುಕಿಯ ಹುಂಜ ಕಳೀತೈತಿ. ಅದನ್ನು ಹುಡುಕುತ್ತಾ ಆಕಿ ತಿರುಗಾಡ್ತಾಳ. ಕಥಿಗೆ ದೊಡ್ಡ ಸಂಗತಿಯೇ ಬೇಕು ಅನ್ನೋರು ಇದನ್ನು ನೋಡಬೇಕು. ಬಡವರ ಮನ್ಯಾಗ ಒಂದು ಹುಂಜ ಅಂದರೆ ಎಷ್ಟು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ಮನೆಗೆ ಸಾವ್ಕಾರನ ಕಡಲೆಕಾಯಿ ಮೂಟೆ ಕದ್ದು ಬರ್ತೈತಿ. ರಾತ್ರಿ ಒಲಿ ಮುಂದ ಸಣ್ಣವರು ದೊಡ್ಡವರು ಎಲ್ಲಾ ಕುಂತು ಸುಟ್ಟು ತಿಂತಾರ. ಪೊಲೀಸರು ಬಂದು ಮನಿ ಹುಡುಕ್ತಾರ. ಕಳ್ಳತನ ತಪ್ಪು, ಹಸಿವು ಕೆಟ್ಟದ್ದು ಅಂತ ಬರೆದವರು ಭಾಷಣ ಮಾಡೂದಿಲ್ಲ. ನಮ್ಮನ್ನೂ ಆ ಒಲಿ ಮುಂದ ಕುಂದರಿಸ್ತಾರ. ಆ ಮಂದಿ ತಿನ್ನೂ ಖುಷಿ ನೋಡಿಯೇ ಅವರ ಹಸಿವು ಎಷ್ಟು ದಿನದ್ದು ಅಂತ ತಿಳೀತೈತಿ. ನಮ್ಮ ಹುಡುಗರು ‘ಬಡತನ ಬಹಳ ಕ್ರೂರ’ ಅಂತ ಒಂದು ಸಾಲು ಬರೆದು ಮುಂದ ಹೋಗ್ತಾರ. ಆ ಸಾಲು ಹೊಡೆದು ಹಾಕಿ, ಆ ದಿನ ಮನ್ಯಾಗ ಏನು ಬೇಯ್ತು, ಯಾರಿಗೆ ಕಡಿಮಿ ಬಿತ್ತು, ಅದನ್ನು ಬರೀಬೇಕು.

ಎರಡನೇದು. ಸಾಕವ್ವ ಬರೇ ಪಾಪದ ಮುದುಕಿ ಅಲ್ಲ. ಆಕಿಗೆ ಸಿಟ್ಟೂ ಐತಿ, ಹಟಾನೂ ಐತಿ. ನಮ್ಮ ಗೀಗಿ ಹಾಡಿನಾಗ ಹರದೇಶಿಯವರು ಗಂಡು ಹೆಚ್ಚು ಅಂತ ಹಾಡಿದರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಹಾಡ್ತಾರ. ಎದುರಿನ ಮೇಳ ಗಟ್ಟಿ ಇದ್ದರೇ ಮಂದಿ ಬೆಳತನಕ ಕುಂದರ್ತಾರ. ಕಥಿಯೂ ಹಂಗs. ಮುಕಾದಮನನ್ನು ಬರೇ ರಾಕ್ಷಸ ಮಾಡಿದರೆ ಅಲ್ಲಿಗೇ ಕಥಿ ಮುಗೀತು. ಮುಂಗಡ ರೊಕ್ಕ ಕೊಟ್ಟವ ಯಾಕೆ ಹಂಗ ಮಾತಾಡ್ತಾನ, ಅವನ ಬಾಯಿಂದಲೂ ಕೇಳಿಸಬೇಕು. ಆಮೇಲೆ ಅವನನ್ನು ಸೋಲಿಸ್ರಿ.

ಈ ಪುಸ್ತಕದ ಮಾತು ನಂಜನಗೂಡು ಕಡೆಯದು. ನಮಗೆ ಮೊದಲು ತೊಡಕಾಗ್ತೈತಿ. ಮನಸ್ಸಿನ್ಯಾಗ ಓದಬಾರದು, ಒಬ್ಬರು ಗಟ್ಟಿಯಾಗಿ ಓದಿ ನಾಲ್ಕು ಮಂದಿ ಕೇಳಬೇಕು. ಕಣ್ಣಿಗೆ ತಿಳಿಯದ್ದು ಕಿವಿಗೆ ತಿಳೀತೈತಿ. ಇನ್ನೂ ಹತ್ತಿರದ ಮಾತು ಬೇಕಂದರೆ ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿ ಐತಿ. ಅದು ಕಲಬುರ್ಗಿ ಕಡೆಯ ಕನ್ನಡ. 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳ್ಳಿ ಮಾತು ಬರೆದರೆ ನಗ್ತಾರ ಅನ್ನೋರಿಗೆ ಇದೊಂದೇ ಉತ್ತರ ಸಾಕು.

ಆದರೆ ಆಡುಮಾತು ತುಂಬಿದ ಮಾತ್ರಕ್ಕೆ ಕಥಿ ಆಗೂದಿಲ್ಲ. ದೇವನೂರರ ಮಾತನ್ನು ನಕಲು ಮಾಡಿದರೂ ಆಗೂದಿಲ್ಲ. ಬರೆದದ್ದನ್ನು ಆ ಕೆಲಸ ಮಾಡೋರ ಮುಂದ ಓದ್ರಿ. ಕಬ್ಬಿನ ಕಥಿ ಆದರೆ ಕೊಯ್ತಾ ಹಿಡಿದವರ ಮುಂದ. ಅವರು ‘ಹಂಗಲ್ಲಪಾ ತಮ್ಮಾ’ ಅಂದಲ್ಲಿ ನಿಲ್ರಿ, ತಿದ್ದ್ರಿ. ಗುರುಗಳು ಕಾಗುಣಿತ ತಿದ್ದಲಿ, ಆದರೆ ಅವ್ವನ ಬಾಯಾಗಿನ ಮಾತಿಗೆ ಕೆಂಪು ಗೆರಿ ಎಳೆಯಬಾರದು. ‘ಪಾವಣೇರು’ ಬಂದರು ಅಂತ ಬರೆದದ್ದನ್ನು ‘ಅತಿಥಿಗಳು’ ಮಾಡಬಾರದು.

ನಮ್ಮೂರ ಮಕ್ಕಳು ಬಹಳ ಮಂದಿ ಈಗ ಮರಾಠಿ ಸಾಳಿಗೆ ಹೋಗ್ತಾರ. ಅಲ್ಲಿ ಮರಾಠಿ ಕಲೀಲಿ, ಅನ್ನದ ಭಾಷೆ ಅದು. ಆದರೆ ನಮ್ಮ ಮನೆಯ ಕನ್ನಡವನ್ನು ಬೆಂಗಳೂರಿನವರು ಬಂದು ಬರೆಯೂದಿಲ್ಲ, ಧಾರವಾಡದವರೂ ಬರೆಯೂದಿಲ್ಲ. ಅದನ್ನು ಕಾಗದದ ಮ್ಯಾಲ ತರಬೇಕಾದವರು ಈ ಕಥಿ ಬರಿಯೋ ಹುಡುಗರೇ.