ಶುಲ್ಕ ಕಟ್ಟಿ ಕೊಂಡ ಭಯ

ಹದಿಹರೆಯದವರಿಗಾಗಿ ಬರೆದ ಗಾಥಿಕ್ ಕಾದಂಬರಿಗಳಲ್ಲಿ ವಸತಿಶಾಲೆಗೆ ಖಾಯಂ ಜಾಗವಿದೆ. ಊರಾಚೆಯ ಕಲ್ಲಿನ ಕಟ್ಟಡ, ಬೀಗ ಜಡಿದ ಒಂದು ಪಾರ್ಶ್ವ, ಹಿಂದೆಂದೋ ಸತ್ತ ವಿದ್ಯಾರ್ಥಿನಿ, ದೀಪ ಆರಿದ ಮೇಲೆ ಕೇಳುವ ಹೆಜ್ಜೆ ಸದ್ದು. ಈ ಸಾಮಗ್ರಿಯೆಲ್ಲ ಹಳೆಯ ಕೋಟೆಯ ಕಥೆಗಳಿಂದ ಬಂದದ್ದು, ಹಾಗಾಗಿ ಶಾಲೆಯೂ ಕೋಟೆಯ ಇನ್ನೊಂದು ರೂಪ ಎಂದು ಸುಲಭವಾಗಿ ಹೇಳಿಬಿಡಬಹುದು. ನಾನು ಇದನ್ನು ಒಪ್ಪುವುದಿಲ್ಲ. ಆನ್ ರ‍್ಯಾಡ್‌ಕ್ಲಿಫ್‌ಳ ‘ದ ಮಿಸ್ಟರೀಸ್ ಆಫ್ ಉಡಾಲ್ಫೊ’ (1794) ಕಾದಂಬರಿಯಲ್ಲಿ ಎಮಿಲಿಯನ್ನು ಕೋಟೆಗೆ ಕರೆದೊಯ್ಯುವ ಮೊಂಟೋನಿ ಅವಳಿಗೂ ಓದುಗರಿಗೂ ಮೊದಲಿನಿಂದಲೇ ಅನುಮಾನದ ಮನುಷ್ಯ. ವಸತಿಶಾಲೆಗಾದರೋ ಹುಡುಗಿಯನ್ನು ಮನೆಯವರೇ ಕಳಿಸುತ್ತಾರೆ, ಟ್ರಂಕು ತುಂಬಿಸಿ, ಶುಲ್ಕ ಕಟ್ಟಿ, ಒಳ್ಳೆಯದಾಗಲಿ ಎಂದು ಹರಸಿ. ಅಲ್ಲಿಂದ ಓಡಿಹೋಗುವುದೆಂದರೆ ಪ್ರೀತಿಸುವವರ ಮಾತು ಮೀರಿದಂತೆ. ಈ ಪ್ರಕಾರದ ಅಸಲು ಭಯ ಇದೇ. ಒಳ್ಳೆಯ ಲೇಖಕರು ದೆವ್ವವನ್ನು ಇದರ ಸೇವೆಗೆ ಹಚ್ಚುತ್ತಾರೆ, ಉಳಿದವರು ದೆವ್ವವನ್ನೇ ನೆಚ್ಚಿಕೊಳ್ಳುತ್ತಾರೆ.

ಇದಕ್ಕೆ ಆಧಾರ ಪ್ರಕಾರದ ಬೇರಿನಲ್ಲೇ ಸಿಗುತ್ತದೆ. 1824ರಲ್ಲಿ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ತನ್ನ ನಾಲ್ವರು ಹೆಣ್ಣುಮಕ್ಕಳನ್ನು ಲ್ಯಾಂಕಶೈರಿನ ಕೋವನ್ ಬ್ರಿಜ್‌ನಲ್ಲಿ, ಪಾದ್ರಿಗಳ ಹೆಣ್ಣುಮಕ್ಕಳಿಗೆಂದೇ ಆಗಷ್ಟೇ ತೆರೆದಿದ್ದ ಶಾಲೆಗೆ ಸೇರಿಸಿದ. ತಾಯಿಯಿಲ್ಲದ ಮಕ್ಕಳು, ಸಣ್ಣ ಸಂಬಳ. ಕೈಗೆಟಕುವ ಶುಲ್ಕದ ಶಾಲೆ ವರವಾಗಿಯೇ ಕಂಡಿರಬೇಕು. ಮರುವರ್ಷ ಮೇ ತಿಂಗಳಲ್ಲಿ ಮರಿಯಾ, ಜೂನ್‌ನಲ್ಲಿ ಎಲಿಜಬೆತ್ ಕ್ಷಯದಿಂದ ತೀರಿಕೊಂಡರು. ಉಳಿದ ಷಾರ್ಲಟ್ ಆ ಶಾಲೆಯನ್ನು ‘ಜೇನ್ ಏರ್’ (1847) ಕಾದಂಬರಿಯ ಲೋವುಡ್ ಆಗಿಸಿದಳು. ಜೇನ್ ದೆವ್ವಕ್ಕೆ ಹೆದರುವುದು ಅತ್ತೆಯ ಮನೆಯ ಕೆಂಪು ಕೋಣೆಯಲ್ಲಿ. ಲೋವುಡ್‌ನಲ್ಲಿ ದೆವ್ವದ ಅಗತ್ಯವೇ ಬೀಳುವುದಿಲ್ಲ. ಅಲ್ಲಿ ಸೀದ ಗಂಜಿಯಿದೆ, ಹೂಜಿಯಲ್ಲೇ ಹೆಪ್ಪುಗಟ್ಟಿದ ನೀರಿದೆ, ಹುಟ್ಟುಗುಂಗುರು ಕೂದಲನ್ನೂ ಅಹಂಕಾರವೆಂದು ಕತ್ತರಿಸಹೇಳುವ ಶಾಲೆಯ ಮೇಲ್ವಿಚಾರಕ ಬ್ರಾಕಲ್‌ಹರ್ಸ್ಟ್ ಇದ್ದಾನೆ. ವರ್ಷಕ್ಕೆ 15 ಪೌಂಡು ಶುಲ್ಕ, ಕೊರತೆ ತುಂಬುವುದು ದಾನಿಗಳ ಹಣ. ಹಾಗಾಗಿ ಹಸಿದ ಹುಡುಗಿ ಕೃತಜ್ಞಳೂ ಆಗಿರಬೇಕು. ಎಲಿಜಬೆತ್ ಗ್ಯಾಸ್ಕೆಲ್ 1857ರಲ್ಲಿ ಷಾರ್ಲಟ್‌ಳ ಜೀವನಚರಿತ್ರೆಯಲ್ಲಿ ಈ ಶಾಲೆಯ ಸಂಗತಿ ಬರೆದಾಗ, ಸ್ಥಾಪಕ ವಿಲಿಯಂ ಕೇರಸ್ ವಿಲ್ಸನ್ ಪರವಾಗಿ ದೊಡ್ಡ ವಾಗ್ವಾದವೇ ಎದ್ದಿತು. ಅವನ ಉದ್ದೇಶ ಒಳ್ಳೆಯದಿತ್ತೆಂದೇ ಇಟ್ಟುಕೊಳ್ಳೋಣ. ಒಳ್ಳೆಯ ಉದ್ದೇಶದ ಮನುಷ್ಯನ ಬಗ್ಗೆ ಮಗು ಯಾರಲ್ಲಿ ದೂರಬೇಕು?

ದೆವ್ವವಿಲ್ಲದೆ ಗಾಥಿಕ್ ಎಲ್ಲಿಯದು, ಓದುಗರು ಪುಸ್ತಕ ಕೈಗೆತ್ತಿಕೊಳ್ಳುವುದೇ ಅದಕ್ಕಲ್ಲವೇ ಎಂಬ ಆಕ್ಷೇಪ ತೂಕದ್ದೇ. ಉತ್ತರ ಷಾರ್ಲಟ್‌ಳ ಇನ್ನೊಂದು ಕಾದಂಬರಿ ‘ವಿಲೆಟ್’ (1853)ನಲ್ಲಿದೆ. ಬ್ರಸೆಲ್ಸ್‌ನಲ್ಲಿ ತಾನೇ ಓದಿ, ಕಲಿಸಿದ ಹೆಣ್ಣುಮಕ್ಕಳ ಶಾಲೆಯ ಅನುಭವದಿಂದ ಅವಳು ಕಟ್ಟಿದ ಈ ಕಥೆಯಲ್ಲಿ ಸನ್ಯಾಸಿನಿಯ ಪ್ರೇತವೊಂದು ಓಡಾಡುತ್ತದೆ. ಕೊನೆಗೆ ಅದು ಪ್ರೇಯಸಿಯನ್ನು ಕಾಣಲು ವೇಷ ಹಾಕಿದ ಯುವಕ ಎಂದು ಬಯಲಾಗುತ್ತದೆ. ಪ್ರೇತ ಕರಗಿದರೂ ಕಾದಂಬರಿಯ ಭಯ ಕರಗುವುದಿಲ್ಲ, ಏಕೆಂದರೆ ಅದು ಬೇರೆಡೆ ಇದೆ. ಕಥಾನಾಯಕಿ ಲೂಸಿ ಸ್ನೋ ಬಂದಿಳಿದ ಮೊದಲ ರಾತ್ರಿಯೇ ಶಾಲೆಯ ಒಡತಿ ಮದಾಮ್ ಬೆಕ್ ಸದ್ದಿಲ್ಲದೆ ಬಂದು, ನಿದ್ರಿಸುತ್ತಿದ್ದಾಳೆಂದು ತಿಳಿದ ಅವಳ ಮುಖವನ್ನು ದಿಟ್ಟಿಸುತ್ತಾಳೆ, ಬಟ್ಟೆಗಳನ್ನು ತಡಕುತ್ತಾಳೆ, ಬೀಗದ ಕೈಗಳ ಅಚ್ಚನ್ನು ಮೇಣದಲ್ಲಿ ತೆಗೆದುಕೊಳ್ಳುತ್ತಾಳೆ. ಬೆಳಗಾದರೆ ಅದೇ ಹೆಂಗಸು ದಕ್ಷ, ಶಾಂತ, ಮಕ್ಕಳ ಊಟ-ಆರೋಗ್ಯ ಚೆನ್ನಾಗಿ ನೋಡಿಕೊಳ್ಳುವ ಆಡಳಿತಗಾರ್ತಿ. ಕಾವಲೂ ಕಾಳಜಿಯೂ ಒಂದೇ ಕೈಯಿಂದ ಬರುವ ಈ ಚಿತ್ರಣಕ್ಕೆ ಸಮನಾದದ್ದು ಈ ಪ್ರಕಾರದಲ್ಲಿ ವಿರಳ.

ಇಪ್ಪತ್ತನೆಯ ಶತಮಾನದಲ್ಲಿ ಇದನ್ನು ಚೆನ್ನಾಗಿ ಅರಿತವಳು ಅಮೆರಿಕದ ಲೋಯಿಸ್ ಡಂಕನ್. ‘ಡೌನ್ ಎ ಡಾರ್ಕ್ ಹಾಲ್’ (1974)ನಲ್ಲಿ ದೆವ್ವಗಳಿವೆ, ನಿಜವಾದವೇ. ತಾಯಿ ಮರುಮದುವೆಯಾಗಿ ಯುರೋಪ್ ಪ್ರವಾಸಕ್ಕೆ ಹೊರಟದ್ದರಿಂದ ಕಿಟ್ ಎಂಬ ಹುಡುಗಿ ಬ್ಲ್ಯಾಕ್‌ವುಡ್ ಶಾಲೆ ಸೇರುತ್ತಾಳೆ. ಅಲ್ಲಿರುವುದು ನಾಲ್ವರೇ ವಿದ್ಯಾರ್ಥಿನಿಯರು. ಅವರಿಗೆ ಇದ್ದಕ್ಕಿದ್ದಂತೆ ಚಿತ್ರಕಲೆ, ಕಾವ್ಯ, ಸಂಗೀತ, ಗಣಿತ ಒಲಿಯುತ್ತವೆ. ಸತ್ತ ಪ್ರತಿಭಾವಂತರು ಅವರೊಳಗೆ ಹೊಕ್ಕು ಕೆಲಸ ಮಾಡಿಸುತ್ತಿರುತ್ತಾರೆ, ಹುಡುಗಿಯರು ಸೊರಗುತ್ತಾರೆ. ಮಗು ಇದ್ದಕ್ಕಿದ್ದಂತೆ ಮುಂದೆ ಬಂದರೆ ಹಿಗ್ಗದ ತಂದೆತಾಯಿ ಯಾರು? ದೆವ್ವ ಇಲ್ಲಿ ಹಿರಿಯರ ಮಹತ್ವಾಕಾಂಕ್ಷೆಯ ಕೂಲಿಯಾಳು. ಕವಿತೆ ಬರೆಸುವ ಪ್ರೇತ ಎಮಿಲಿ ಬ್ರಾಂಟೆಯದು. ಆರರ ವಯಸ್ಸಿನಲ್ಲಿ ಕೋವನ್ ಬ್ರಿಜ್‌ಗೆ ಹೋದ ನಾಲ್ಕನೆಯವಳು ಅವಳೇ ಎಂಬುದು ನೆನಪಾದರೆ ಕಥೆ ಇನ್ನಷ್ಟು ಭಾರವಾಗುತ್ತದೆ.

ಲಿಬ್ಬಾ ಬ್ರೇಯ ‘ಎ ಗ್ರೇಟ್ ಆಂಡ್ ಟೆರಿಬಲ್ ಬ್ಯೂಟಿ’ (2003) 1895ರ ಬೊಂಬಾಯಿಯಲ್ಲಿ ಶುರುವಾಗುತ್ತದೆ. ತಾಯಿ ಸತ್ತ ಬಳಿಕ ಜೆಮ್ಮಾ ಇಂಗ್ಲೆಂಡಿನ ಸ್ಪೆನ್ಸ್ ಅಕಾಡೆಮಿಗೆ ಹೋಗುತ್ತಾಳೆ. ಅಲ್ಲಿನ ಮಾಯಾಲೋಕದ ಪುಟಗಳು ಬೇಗ ತೆಳುವಾಗುತ್ತವೆ. ಮನಸ್ಸಿನಲ್ಲಿ ನಿಲ್ಲುವುದು ಮನೆಯವರೇ ಮೂರ್ಛೆರೋಗ ಮುಚ್ಚಿಟ್ಟು ಹಣವಂತ ಮುದುಕನಿಗೆ ಮದುವೆ ಮಾಡಿಕೊಡಲು ಹೊರಟ ಪಿಪ್ಪಾಳ ಕಥೆ, ಅನ್ಯರ ಮಕ್ಕಳಿಗೆ ಪಾಠ ಹೇಳುವುದೇ ಹಣೆಬರಹವಾದ ಬಡ ಆನ್‌ಳ ಕಥೆ.

ಇಷ್ಟು ಅಪನಂಬಿಕೆಯನ್ನು ಎಳೆಯರ ಕೈಗೆ ಕೊಡಬೇಕೇ ಎಂದು ಕೇಳುವವರಿದ್ದಾರೆ. ಶಾಲೆಗಳು ಹಾಗಿರುವುದಿಲ್ಲ, ಅಲ್ಲಿ ಗೆಳೆತನವಿದೆ, ಒಳ್ಳೆಯ ಗುರುಗಳಿದ್ದಾರೆ ಎನ್ನುತ್ತಾರೆ. ಈ ಪುಸ್ತಕಗಳೂ ಅದನ್ನು ಅಲ್ಲಗಳೆಯುವುದಿಲ್ಲ. ಲೋವುಡ್‌ನಲ್ಲೂ ಮಿಸ್ ಟೆಂಪಲ್ ಇದ್ದಾಳೆ. ಕಜುವೊ ಇಶಿಗುರೊನ ‘ನೆವರ್ ಲೆಟ್ ಮಿ ಗೋ’ (2005) ದೊಡ್ಡವರಿಗೆಂದು ಬಂದರೂ ಬ್ರಿಟನ್ನಿನ ಹದಿಹರೆಯದವರು ಅದನ್ನು ಪರೀಕ್ಷೆಗೆ ಓದುತ್ತಾರೆ. ಅದರ ಹೇಲ್‌ಶಾಮ್ ಈ ಶಾಲೆಗಳಲ್ಲೆಲ್ಲ ಅತ್ಯಂತ ಕರುಣೆಯದು. ಅಂಗಾಂಗಗಳಿಗಾಗಿ ಬೆಳೆಸಿದ ಮಕ್ಕಳಿಗೆ ಅಲ್ಲಿ ಚಿತ್ರ ಬಿಡಿಸಲು ಕಲಿಸುತ್ತಾರೆ. ಅವರ ಭವಿಷ್ಯವನ್ನು ನೇರವಾಗಿ ಹೇಳಿಬಿಡುವ ಮಿಸ್ ಲೂಸಿ ಆ ಶಾಲೆಯಲ್ಲಿ ಉಳಿಯುವುದಿಲ್ಲ. ಹದಿನೈದರ ಓದುಗ ಇದನ್ನು ತಾಳಲಾರ ಎನ್ನುವವರಿಗಿಂತ ಅವನಿಗೆ ಮಿಸ್ ಲೂಸಿಯ ಮೇಲೆ ಹೆಚ್ಚು ನಂಬಿಕೆ ಹುಟ್ಟುತ್ತದೆ, ಹುಟ್ಟಲೂ ಬೇಕು.