ಎಸ್ಪೆರಾಂಟೊ: ಒಂದು ಕಟ್ಟಿದ ಭಾಷೆಯ ಗುಣದೋಷ ವಿಚಾರ

ಭಾಷೆಯು ಜನರ ನಾಲಗೆಯ ಮೇಲೆ ತಾನಾಗಿ ಬೆಳೆಯುವುದೆಂದೂ, ವೈಯಾಕರಣನು ತರುವಾಯ ಬಂದು ಲಕ್ಷಣ ಹೇಳುವನೆಂದೂ ನಾವು ಬಲ್ಲೆವು. ಪಾಣಿನಿಯೂ ಇದ್ದ ಭಾಷೆಗೇ ಸೂತ್ರಗಳನ್ನು ರಚಿಸಿದನು. 1887ನೆಯ ಇಸವಿಯಲ್ಲಿ ವಾರ್ಸಾ ನಗರದಲ್ಲಿ ಅಚ್ಚಾದ ಸಣ್ಣ ಪುಸ್ತಕವೊಂದು ಈ ಕ್ರಮವನ್ನು ತಲೆಕೆಳಗುಮಾಡಿತು. ಹದಿನಾರು ನಿಯಮಗಳೂ ಸುಮಾರು 900 ಧಾತುಗಳೂ ಮೊದಲು ಹುಟ್ಟಿದುವು. ಆಡುವವರು ಆಮೇಲೆ ಬಂದರು. ಗ್ರಂಥಕರ್ತರಾದ ನೇತ್ರವೈದ್ಯ ಲುಡ್ವಿಕ್ ಝಾಮೆನ್‌ಹೋಫರು ‘ಡಾಕ್ಟರ್ ಎಸ್ಪೆರಾಂಟೊ’, ಎಂದರೆ ‘ಆಶಿಸುವವನು’, ಎಂಬ ಅಂಕಿತವನ್ನಿಟ್ಟುಕೊಂಡಿದ್ದರು. ಭಾಷೆಗೂ ಅದೇ ಹೆಸರು ನಿಂತಿತು.

ಇವರು 1859ರಲ್ಲಿ, ಅಂದು ರಷ್ಯಾ ಚಕ್ರಾಧಿಪತ್ಯಕ್ಕೆ ಸೇರಿದ್ದ ಬಿಯಾಲಿಸ್ತೋಕ್ ಎಂಬ ಊರಿನಲ್ಲಿ ಯೆಹೂದ್ಯ ಮನೆತನದಲ್ಲಿ ಜನಿಸಿದರು. ರಷ್ಯನ್ನರು, ಪೋಲರು, ಜರ್ಮನರು, ಯೆಹೂದ್ಯರು ಒಂದೇ ಬೀದಿಯಲ್ಲಿದ್ದು ಒಬ್ಬರನ್ನೊಬ್ಬರು ಶಂಕಿಸುತ್ತಿದ್ದರು. ಭಾಷಾಭೇದವೇ ವೈರಕ್ಕೆ ಮೂಲವೆಂದು ಬಾಲಕನಿಗೆ ತೋರಿತು. ಈ ನಿದಾನವು ನನಗೆ ಪೂರ್ತಿಯಾಗಿ ಸಮ್ಮತವಲ್ಲ. ಕುರುಕ್ಷೇತ್ರದಲ್ಲಿ ಕಾದಿದ ದಾಯಾದಿಗಳ ಮಾತು ಒಂದೇ ಆಗಿರಲಿಲ್ಲವೆ? ಆದರೆ ಅವರ ಉದ್ದೇಶವು ಮಾತೃಭಾಷೆಗಳನ್ನು ಅಳಿಸುವುದಾಗಿರಲಿಲ್ಲ. ಎಲ್ಲರಿಗೂ ಸಮಾನವಾದ ಎರಡನೆಯ ಭಾಷೆಯೊಂದಿರಲಿ ಎಂಬುದಷ್ಟೆ.

ಇದರ ಶಬ್ದರಚನೆಯನ್ನು ನೋಡಿದರೆ ಕೃತ್ತದ್ಧಿತಗಳನ್ನು ಓದಿದವರಿಗೆ ಸಂತೋಷವಾಗದಿರದು. ‘ಸಾನ’ ಎಂದರೆ ಆರೋಗ್ಯವುಳ್ಳ, ‘ಮಾಲ್ಸಾನ’ ರೋಗವುಳ್ಳ, ‘ಮಾಲ್ಸಾನುಲೊ’ ರೋಗಿ, ‘ಮಾಲ್ಸಾನುಲೇಯೊ’ ಆಸ್ಪತ್ರೆ. ಒಂದೇ ಧಾತುವಿನಿಂದ ಇಷ್ಟು! ಆದರೆ ಈ ಮಿತವ್ಯಯದಲ್ಲಿಯೇ ದಾರಿದ್ರ್ಯವೂ ಅಡಗಿದೆ. ‘ಯೂನ’ ಎಂದರೆ ಎಳೆಯ ಪ್ರಾಯದ. ನಮ್ಮ ಯುವನ್ ಶಬ್ದದ ಬಳಗದ್ದೇ. ಮುದುಕನಾದರೋ ‘ಮಾಲ್ಯೂನ’, ತಾರುಣ್ಯಕ್ಕೆ ವಿರುದ್ಧನು! ‘ವೃದ್ಧ’ ಎಂಬಲ್ಲಿ ಬೆಳೆದವನೆಂಬ ಅರ್ಥವಿದೆ. ಅರವತ್ತು ದಾಟಿದ ನನಗೆ ಆ ಹೆಸರು ಒಪ್ಪಿಗೆ, ಈ ಹೆಸರು ಒಪ್ಪಿಗೆಯಲ್ಲ. ಸಾವಿರಾರು ವರ್ಷ ಬಾಳಿದ ಜನರ ಭಾವನೆಯು ಶಬ್ದದೊಳಗೆ ಇಳಿಯುವುದಕ್ಕೂ ನಿಯಮದಿಂದ ಶಬ್ದವನ್ನು ಕಡೆಯುವುದಕ್ಕೂ ಇರುವ ಅಂತರವಿದು.

ವಿಶೇಷಣಕ್ಕೂ ವಿಶೇಷ್ಯದಂತೆ ವಚನವಿಭಕ್ತಿಗಳು ಬರತಕ್ಕದ್ದೆಂಬ ನಿಯಮವು ಸಂಸ್ಕೃತಜ್ಞನಿಗೆ ಸುಲಭ. ‘ಒಳ್ಳೆಯ ಪುಸ್ತಕಗಳನ್ನು’ ಎನ್ನುವ ಕನ್ನಡಿಗನಿಗೆ ವೃಥಾ ಭಾರ. ಕರ್ತೃವೇ 1894ರಲ್ಲಿ ಇದನ್ನೂ ದ್ವಿತೀಯಾ ಪ್ರತ್ಯಯವನ್ನೂ ಕೈಬಿಡುವ ಸೂಚನೆಯನ್ನು ಬಳಕೆದಾರರ ಮುಂದಿಟ್ಟರು. ಹೆಚ್ಚು ಮಂದಿ ಬೇಡವೆಂದರು, ಅವರೂ ತಲೆಬಾಗಿದರು. ಮೊದಲ ಪುಸ್ತಕದಲ್ಲಿಯೇ ತಮ್ಮ ಹಕ್ಕನ್ನು ಬಿಟ್ಟುಕೊಟ್ಟಿದ್ದವರಿಗೆ ಅದು ಉಚಿತವೇ. ಕಟ್ಟಿದ ವಸ್ತು ನಿಜವಾಗಿ ಭಾಷೆಯಾದದ್ದು ಆ ದಿನವೆಂದು ನಾನು ಎಣಿಸುತ್ತೇನೆ. 1905ರಲ್ಲಿ ಫ್ರಾನ್ಸಿನ ಬುಲೋನಿನಲ್ಲಿ ಸೇರಿದ ಮೊದಲ ಮಹಾಸಭೆಯಲ್ಲಿ ಸುಮಾರು 700 ಮಂದಿ ದುಭಾಷಿಗಳಿಲ್ಲದೆ ಮಾತನಾಡಿಕೊಂಡರು.

ಸಮಾನತೆಯ ಮಾತಿಗೆ ಮಾತ್ರ ನನ್ನ ಆಕ್ಷೇಪವು ಉಳಿದೇ ಇದೆ. ಧಾತುಗಳೆಲ್ಲ ಬಹುಮಟ್ಟಿಗೆ ಲ್ಯಾಟಿನ್, ಜರ್ಮನ್ ಮುಂತಾದ ಯೂರೋಪಿನ ಭಾಷೆಗಳಿಂದ ಬಂದವು. ಪ್ಯಾರಿಸ್ಸಿನ ಬಾಲಕನು ಅರ್ಧ ದಾರಿಯನ್ನು ನಡೆದೇ ಬಂದಿರುತ್ತಾನೆ; ನಮ್ಮ ಬಾಲಕನು ಮೊದಲ ಹೆಜ್ಜೆಯಿಂದ ತೊಡಗಬೇಕು.